ಪುಡ್ಡಿಂಗಿಗೆ ಎಷ್ಟು ಡಿಗ್ರಿ

ಬಿಸಿ ವಿಚಾರ ಮಾತ್ರ ನಂಗೆ ಯಾರೂ ಹೇಳ್ಕೊಡಕ್ಕೆ ಬರಬ್ಯಾಡಿ. ಗಾವಡಗೆರೆ ಸುತ್ತಮುತ್ತ ಯಾರನ್ನ ಬೇಕಾದ್ರೂ ಕೇಳಿ, ಚಲುವಯ್ಯನ ಬ್ಯಾರನ್ನಲ್ಲಿ ಬೆಂದ ಹೊಗೆಸೊಪ್ಪು ಅಂದ್ರೆ ಕಣ್ಮುಚ್ಕೊಂಡು ತಗೋಬೋದು ಅಂತಾರೆ. ಬ್ಯಾರನ್ ಅಂದ್ರೆ ಬಿಸಿಗಾಳೀಲಿ ಸೊಪ್ಪು ಒಣಗ್ಸೋ ಮನೆ, ಮೂವತ್ತೆರಡು ವರ್ಷದಿಂದ ಅದೇ ನನ್ನ ಕಸುಬು ಕಣ್ರೀ. ಎಲೆ ಹಳದಿ ತಿರುಗೋವರ್ಗೂ ತೊಂಬತ್ತೈದು, ನೂರು. ಆಮೇಲೆ ಒಂದೊಂದೇ ಡಿಗ್ರಿ ಏರಿಸ್ಕೊಂಡು ಹೋಗಿ, ಎಲೆ ನರ ಒಣಗೋ ಕೊನೇ ದಿನ ನೂರ ಅರವತ್ತೈದು. ಅದರ ಮೇಲೆ ಹೋಗಂಗಿಲ್ಲ. ನೂರ ಎಂಬತ್ತಕ್ಕೆ ಏರಿಸಿದೋನು ಒಬ್ಬನಿದ್ದ, ಪಕ್ಕದ ಹೊಲದ ದೊಡ್ಡಮಾದಯ್ಯ. ಅವನ ಬ್ಯಾರನ್ನಿನ ಸುಟ್ಟ ಗೋಡೆ ಈಗಲೂ ನಿಂತದೆ, ಹೋಗಿ ನೋಡ್ಕೊಂಡು ಬನ್ನಿ.

ಇಂಥ ನಾನು ಒಂದು ಬಟ್ಟಲು ಪುಡ್ಡಿಂಗ್ ಮುಂದೆ ತಲೆಕೆಟ್ಟು ಕೂತಿದ್ದೆ ಅಂದ್ರೆ ನೀವು ನಗ್ತೀರಿ. ನಗಿ, ನಂದೇನೂ ಅಭ್ಯಂತರ ಇಲ್ಲ.

ವಿಷಯ ನನ್ನ ಮಗಳು ಸೌಂದರ್ಯಂದು. ಇರೋಳು ಒಬ್ಳೇ ಮಗಳು. ಹುಣಸೂರಿಗೆ ಹೊಲಿಗೆ ಕಲಿಯಕ್ಕೆ ಹೋಗ್ತಿದ್ದೋಳು, ಬಸ್‌ಸ್ಟ್ಯಾಂಡ್ ಹತ್ರ ಬೇಕರಿ ಇಟ್ಟಿದ್ದ ಮಲಯಾಳಿ ಹುಡುಗನ್ನ ಮೆಚ್ಚಿ, ರಿಜಿಸ್ಟರ್ ಮದುವೆ ಆಗಿ, ಅವನ ಜೊತೆ ಘಾಟಿ ಇಳಿದು ಕೇರಳದ ಇರಿಟ್ಟಿಗೆ ಹೊಂಟೋದ್ಲು. ನಾನು ಎರಡು ವರ್ಷ ಮಾತು ಬಿಟ್ಟೆ. ಆ ಬೇಕರಿಯವನು ನನ್ನ ಹೊಸ್ತಿಲು ತುಳಿಯಂಗಿಲ್ಲ ಅಂತ ನಾಲ್ಕು ಜನರ ಮುಂದೆ ಹೇಳಿದ್ದೆ. ಈಗ ಅವಳಿಗೆ ಏಳು ತಿಂಗಳು. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು ಅಂತ ನನ್ನ ಹೆಂಡ್ತಿ ಪುಟ್ಟತಾಯಮ್ಮ, ನನ್ನ ಒಂದು ಮಾತೂ ಕೇಳದೆ ಬಸ್ ಹತ್ತಿ ಹೋಗಿ ಕರ್ಕೊಂಡು ಬಂದ್ಲು. ಅವನು ಹುಣಸೂರಿನವರ್ಗೂ ಜೊತೇಲಿ ಬಂದು, ಬ್ಯಾಗು ಇಳಿಸ್ಕೊಟ್ಟು, ಅಲ್ಲಿಂದ್ಲೇ ವಾಪಸ್ ಹೋದ್ನಂತೆ.

ಮಗಳು ಬಂದದ್ದು ನಂಗೆ ಒಳಗೊಳಗೇ ಸಂತೋಷ. ಸುಳ್ಳ್ಯಾಕೆ ಹೇಳ್ಲಿ. ಆದ್ರೆ ಅವಳು ತಟ್ಟೆ ಮುಂದೆ ಕೂತು ಎರಡು ತುತ್ತು ಮುರಿದು ಎದ್ದೋಗೋಳು. ಉಪ್ಸಾರು ಬ್ಯಾಡ, ನಾಟಿಕೋಳಿ ಬ್ಯಾಡ, ಕೆರೆ ಮೀನಿನ ಸಾರು ಬ್ಯಾಡ. ಬರೀ ಮಜ್ಜಿಗೆ ಅನ್ನ. ಡಾಕ್ಟರಮ್ಮ ಬೇರೆ ತೂಕ ಏರಿಲ್ಲ ಅಂತ ಬೈದಿದ್ರು. ಏನ್ ಬಯಕೆ ಹೇಳವ್ವ ಅಂತ ಅವರಮ್ಮ ಗಲ್ಲ ಹಿಡಿದು ಕೇಳಿದ್ಮೇಲೆ ಬಾಯಿಬಿಟ್ಲು.

"ನಮ್ಮನೇಲಿ ಓವನ್ನಲ್ಲಿ ಮಾಡೋ ಕ್ಯಾರಮೆಲ್ ಪುಡ್ಡಿಂಗು. ಬಾಳೆಲೆ ಸುತ್ತಿ ಬೇಯಿಸಿದ ಸಮುದ್ರದ ಮೀನು."

ನಮ್ಮನೇಲಿ ಅಂದ್ರೆ ಇರಿಟ್ಟಿ ಮನೇಲಿ. ಆ ಮಾತು ನನ್ನ ಎದೆಗೆ ಚುಚ್ಚಿತು. ಆದ್ರೂ ಏನ್ ಮಾಡೋದು, ಬಸುರಿ ಬಯಕೆ ತೀರಿಸದಿದ್ರೆ ಹುಟ್ಟೋ ಮಗೀಗೆ ಕಿವಿ ಸೋರ್ತದೆ ಅಂತಾರೆ ನಮ್ಮ ಕಡೆ. ಹುಣಸೂರಿನ ಬೇಕರಿಯಿಂದ ಪುಡ್ಡಿಂಗ್ ತಂದುಕೊಟ್ಟೆ, ಮೂಸಿ ನೋಡಿ ಪಕ್ಕಕ್ಕಿಟ್ಲು. ಮನೇಲೇ ಮಾಡಬೇಕಂತೆ. ಆಯ್ತು ಬುಡು ಅಂತ ಮಾರನೇ ದಿನ ಒಂದು ಕರೆಂಟ್ ಓವನ್ನೇ ಹೊತ್ಕೊಂಡು ಬಂದೆ.

ಪುಟ್ಟತಾಯಿ ಫೋನಲ್ಲಿ ವಿಡಿಯೋ ಹಾಕ್ಕೊಂಡು ಶುರು ಮಾಡಿದ್ಲು. ಸಕ್ಕರೆ ಕೆಂಪಗೆ ಕರಗಿಸಿ ಬಟ್ಟಲ ತಳಕ್ಕೆ ಹುಯ್ದು, ಹಾಲು ಮೊಟ್ಟೆ ಕದಡಿ ಸೋಸಿ, ನೀರು ತುಂಬಿದ ತಟ್ಟೇಲಿ ಬಟ್ಟಲಿಟ್ಲು. ವಿಡಿಯೋದೋಳು ಹೇಳಿದ್ಲು, ನೂರ ಎಂಬತ್ತು ಡಿಗ್ರಿ, ನಲವತ್ತು ನಿಮಿಷ.

"ಲೇ, ನೂರ ಎಂಬತ್ತು ಅಂದ್ರೆ ಏನು ಗೊತ್ತೇನೇ? ದೊಡ್ಡಮಾದಯ್ಯನ ಬ್ಯಾರನ್ ಹೋಗಿದ್ದೇ ಅದಕ್ಕೆ" ಅಂದೆ.

"ಅದು ಸೊಪ್ಪು, ಇದು ಪುಡ್ಡಿಂಗು. ಸುಮ್ನಿರಿ" ಅಂದ್ಲು.

ಸರಿ, ನೂರ ಎಂಬತ್ತೇ ಆಗ್ಲಿ. ಆದ್ರೆ ಒಂದು ಡಿಗ್ರಿ ಜಾಸ್ತಿ ಆಗಬಾರ್ದು ಅಂತ ಬ್ಯಾರನ್ನಿಂದ ನನ್ನ ಥರ್ಮಾಮೀಟರ್ ತಂದು ಓವನ್ ಒಳಗಿಟ್ಟೆ. ಗುಂಡಿ ನೂರ ಎಂಬತ್ತಕ್ಕೆ ತಿರುಗಿಸಿ ಗಾಜಲ್ಲಿ ಇಣುಕಿ ನೋಡ್ತೀನಿ, ಕೆಂಪು ಗೆರೆ ನೂರ ಎಂಬತ್ತು ದಾಟ್ತು, ಇನ್ನೂರು ದಾಟ್ತು, ಇನ್ನೂರ ಇಪ್ಪತ್ತಕ್ಕೆ ಕೊಳವೆ ತುದಿಗೇ ಮುಟ್ತು. ಬಟ್ಟೆ ಹಿಡಿದು ಎಳೆದು ಹೊರಗೆ ಹಾಕ್ದೆ. ಓವನ್ ಮಾಡಿದೋರು ಸುಳ್ಳು ನಂಬರ್ ಹಾಕವ್ರೆ ಅಂತ ನಂಗೆ ಗ್ಯಾರಂಟಿ ಆಯ್ತು. ಥರ್ಮಾಮೀಟರ್ ಆರಿದ ಮೇಲೆ ಇನ್ನೊಂದ್ಸಲ ಇಟ್ಟು, ಅದು ಸರಿಯಾಗಿ ನೂರ ಎಂಬತ್ತಕ್ಕೆ ನಿಲ್ಲೋವರ್ಗೂ ಗುಂಡಿ ಹಿಂದಕ್ಕೆ ತಿರುಗಿಸ್ದೆ. ಗುಂಡಿ ಎಂಬತ್ತರ ಹತ್ರ ನಿಂತ್ಕತು. ಅಲ್ಲಿಗೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದೆ. ಸೌಂದರ್ಯ ಬಾಗಿಲಲ್ಲಿ ನಿಂತಿದ್ಲು. ಆ ಗೆರೆ ನೋಡಿದ್ಲು, ನನ್ನ ಮಖ ನೋಡಿದ್ಲು, ಒಳಗೋದ್ಲು.

ನಲವತ್ತು ನಿಮಿಷ ಆಯ್ತು. ಪುಡ್ಡಿಂಗ್ ಹಾಲಿನ ಥರಾನೇ ತುಳುಕ್ತಿತ್ತು. ಇನ್ನೂ ನಲವತ್ತು ಕೊಟ್ಟೋ. ಹಂಗೇ ತುಳುಕ್ತು.

ಮೊಟ್ಟೆ ಸರಿಯಿಲ್ಲ ಅಂದೆ. ಎರಡನೇ ಸಲ ನಮ್ಮ ಕೋಳಿಗಳ ಮೊಟ್ಟೇನೇ ಹಾಕ್ಸಿದೆ. ಆಗ್ಲಿಲ್ಲ. ಹಾಲಿಗೆ ಡೈರಿಯವರು ನೀರು ಹಾಕವ್ರೆ ಅಂದೆ. ಆಮೇಲೆ ಕರೆಂಟು ವೀಕು ಅಂದೆ. ಪುಟ್ಟತಾಯಿ ಕಣ್ಣಾಸರ ಆಗದೆ ಅಂತ ಉಪ್ಪು ಮೆಣಸಿನಕಾಯಿ ಹಿಡ್ಕೊಂಡು ಓವನ್ನಿಗೆ ದೃಷ್ಟಿ ತೆಗೆದ್ಲು. ನಾನು ನಗಲಿಲ್ಲ. ನಂಗೂ ಏನೂ ತಿಳೀತಿರಲಿಲ್ಲ, ನಗೋದು ಹೆಂಗೆ?

ಮೀನಿಂದು ಇನ್ನೊಂದು ಕತೆ. ಹುಣಸೂರಿನಲ್ಲಿ ಮೀನಂಗಡಿ ಗೌಸ್ ಅಂತ ಇದ್ದಾನೆ, ನಂಗೆ ಹಳೇ ಪರಿಚಯ. ಐಸಿನೊಳಗಿಂದ ಅಗಲದ ಪಾಂಫ್ರೆಟ್ ಎರಡು ಆರಿಸಿ ಕೊಟ್ಟ. ಪುಟ್ಟತಾಯಿ ಕಾಯಿ, ಹಸಿಮೆಣಸಿನಕಾಯಿ, ಶುಂಠಿ ರುಬ್ಬಿ ಮೀನಿಗೆ ಸವರಿ, ಬಾಳೆಲೆಯಲ್ಲಿ ಸುತ್ತಿ ದಾರ ಕಟ್ಟಿ ಎಷ್ಟು ಚೆಂದ ಮಾಡಿದ್ಲು ಅಂದ್ರೆ, ನೋಡಕ್ಕೇ ಹಬ್ಬ. ಓವನ್ನಿಂದ ತೆಗೆದ್ರೆ ಎಲೆ ಬಾಡೇ ಇಲ್ಲ. ಬಿಚ್ಚಿದ್ರೆ ಮೂಳೆ ಹತ್ರ ಇನ್ನೂ ಹಸಿ. ಸೌಂದರ್ಯ ಮೂಗು ಮುಚ್ಕೊಂಡು ಎದ್ದೋದ್ಲು.

ನಂಗೆ ರೇಗಿಹೋಯ್ತು. ಗಾಡಿ ಹತ್ತಿ ಸೀದಾ ಗೌಸನ ಅಂಗಡಿಗೆ ಹೋದೆ. "ಏನ್ ಸಾಬ್ರೇ, ಎಂಥಾ ಮೀನು ಕೊಟ್ಟಿದ್ದೀರಿ? ಬೇಯೋದೇ ಇಲ್ವಲ್ಲ" ಅಂದೆ.

ಅವನು ಕತ್ತಿ ಒರೆಸ್ತಾ ಇದ್ದೋನು ಹಂಗೇ ನಿಂತ. "ಅಣ್ಣ, ಇಪ್ಪತ್ತು ವರ್ಷ ಆಯ್ತು ನಾನು ಮೀನು ಮಾರಕ್ಕೆ ನಿಂತು. ಹಳಸಿದೆ ಅಂತ ಜಗಳಕ್ಕೆ ಬಂದವ್ರೆ, ಮುಳ್ಳು ಜಾಸ್ತಿ ಅಂತ ಬಂದವ್ರೆ. ಬೇಯಲಿಲ್ಲ ಅಂತ ಬಂದೋರು ನೀವೊಬ್ರೇ. ಕುಣಿಯಲಾರದೋಳು ನೆಲ ಡೊಂಕು ಅಂದಂಗಾಯ್ತು. ಒಲೆ ಗೊತ್ತಿರೋರನ್ನ ಕೇಳಿ."

ಒಲೆ ಗೊತ್ತಿರೋರು ನಾನೇ ಕಣಯ್ಯ ಅನ್ನಬೇಕು ಅಂತಿದ್ದೆ. ಗಾಡಿ ತಿರುಗಿಸ್ಕೊಂಡು ಬಂದೆ.

ಮೂರನೇ ಸಲವೂ ಪುಡ್ಡಿಂಗ್ ತುಳುಕಿದ ದಿನ ಮಧ್ಯಾಹ್ನ ಸೌಂದರ್ಯ ಬ್ಯಾಗಿಗೆ ಬಟ್ಟೆ ತುಂಬ್ತಿದ್ಲು. "ನಾಳೆ ಬಸ್ಸಿಗೆ ಇರಿಟ್ಟಿಗೆ ಹೋಯ್ತೀನಮ್ಮ. ಹೆರಿಗೆ ಅಲ್ಲೇ ಆಗ್ಲಿ" ಅಂದ್ಲು. ಪುಟ್ಟತಾಯಿ ಕಣ್ಣಲ್ಲಿ ನೀರು ಹಾಕ್ಕೊಂಡು ನನ್ನ ಕಡೆ ನೋಡಿದ್ಲು. ಆ ನೋಟ ನಂಗೆ ತಡೆಯಕ್ಕಾಗ್ಲಿಲ್ಲ. ಎರಡು ವರ್ಷ ಆದ್ಮೇಲೆ ಮನೆಗೆ ಬಂದಿರೋ ಮಗಳು ಈ ಸಲ ಹೋದ್ರೆ ಮತ್ತೆ ಬರಕ್ಕಿಲ್ಲ ಅಂತ ನಂಗೆ ಗೊತ್ತಿತ್ತು. ಮೊಮ್ಮಗೀನ ಮಖಾನೂ ನೋಡಕ್ಕಾಗಲ್ಲ.

ಪುಟ್ಟತಾಯಿ ಫೋನ್ ಕಿತ್ಕೊಂಡು ಬ್ಯಾರನ್ ಹತ್ರ ಹೋಗಿ ಕಟ್ಟೆ ಮೇಲೆ ಕೂತೆ. ಓವನ್ ವಿಚಾರ ಗೊತ್ತಿರೋನು ನಂಗೆ ಗೊತ್ತಿದ್ದೋರಲ್ಲಿ ಒಬ್ಬನೇ. ನಂಬರ್ ಹುಡುಕಿ ಒತ್ತಿದೆ.

"ಹಲೋ, ಅತ್ತೆ?" ಅಂದ ಅವನು.

"ಅತ್ತೆ ಅಲ್ಲ. ನಾನು."

ಅವನು ಗಾಬರಿಬಿದ್ದು ಕೇಳ್ದ, "ಮಾವ, ಸೌಂದರ್ಯಗೆ ಏನಾಯ್ತು?"

ಅವಳು ಚೆನ್ನಾಗಿದ್ದಾಳೆ, ಪುಡ್ಡಿಂಗಿಗೇ ಏನೋ ಆಗದೆ ಅಂದೆ. ಮೊಟ್ಟೆ, ಹಾಲು, ಕರೆಂಟು, ದೃಷ್ಟಿ ತೆಗೆದದ್ದು, ಗೌಸನ ಜೊತೆ ಜಗಳ, ಎಲ್ಲಾ ಹೇಳ್ದೆ. ಅವನು ಮಧ್ಯ ಬಾಯಿ ಹಾಕಲಿಲ್ಲ. ಥರ್ಮಾಮೀಟರ್ ಇಟ್ಟು ಓವನ್ ಸುಳ್ಳು ಕಂಡುಹಿಡಿದದ್ದು ಹೇಳಿದಾಗ ಮಾತ್ರ ಕೇಳಿದ, "ಮಾವ, ಬ್ಯಾರನ್ನಲ್ಲಿ ನಿಮ್ಮ ಕೊನೇ ಬಿಸಿ ಎಷ್ಟು?"

"ನೂರ ಅರವತ್ತೈದು."

"ಅದು ಫ್ಯಾರನ್‌ಹೀಟ್ ಲೆಕ್ಕ ಮಾವ. ಓವನ್ದು ಸೆಲ್ಸಿಯಸ್. ಓವನ್ನಿನ ನೂರ ಎಂಬತ್ತು ಅಂದ್ರೆ ನಿಮ್ಮ ಲೆಕ್ಕಕ್ಕೆ ಮುನ್ನೂರ ಐವತ್ತಾರು. ನಿಮ್ಮ ಥರ್ಮಾಮೀಟರೂ ಸರಿ, ಓವನ್ನೂ ಸರಿ."

ಮುನ್ನೂರ ಐವತ್ತಾರು. ಆ ನಂಬರ್ ಕೇಳಿ ನಂಗೆ ಕೂತಲ್ಲೇ ಬೆವರು ಬಂತು. ಬಿಸಿ ಒಂದೇ, ಲೆಕ್ಕ ಎರಡು. ಹಿಂಗ್ಯಾಕಪ್ಪ ಮಾಡ್ಕೊಂಡವ್ರೆ ಜನ? ಅವನು ಎರಡು ಸಲ ಬಿಡಿಸಿ ಹೇಳ್ದ. ಅರ್ಧ ತಿಳೀತು, ಅರ್ಧ ಇವತ್ತಿಗೂ ತಿಳಿದಿಲ್ಲ. ಖಾಲಿ ಓವನ್ ಹತ್ತು ನಿಮಿಷ ಮೊದಲೇ ಕಾಯಿಸಿ, ಬಟ್ಟಲ ಬಾಯಿಗೆ ಅಲ್ಯೂಮಿನಿಯಂ ಹಾಳೆ ಮುಚ್ಚಿ ಅಂತಾನೂ ಹೇಳ್ದ. ಕೊನೇಲಿ ಮೆತ್ತಗೆ ಕೇಳ್ದ, "ಅವಳು ಊಟ ಮಾಡ್ತಾಳಾ ಮಾವ?"

"ಮಾಡಿಸ್ತೀನಿ" ಅಂದೆ.

ಮನೆಗೆ ಬಂದು ಸೀಮೆಸುಣ್ಣದ ಗೆರೆ ಒರೆಸಿ ಗುಂಡೀನ ನೂರ ಎಂಬತ್ತಕ್ಕೆ ತಿರುಗಿಸ್ದೆ. ಹೆದರಿಕೆ ಹೋಗಿರಲಿಲ್ಲ, ಪಕ್ಕದಲ್ಲಿ ಒಂದು ಬಕೆಟ್ ನೀರಿಟ್ಕೊಂಡೇ ಕೂತೆ. ನಲವತ್ತು ನಿಮಿಷಕ್ಕೆ ಪುಟ್ಟತಾಯಿ ಬಟ್ಟಲು ತೆಗೆದು ಅಲ್ಲಾಡಿಸಿದ್ಲು. ತುಳುಕಲಿಲ್ಲ, ಬರೀ ನಡುಗ್ತು. ಆರಿಸಿ, ಫ್ರಿಜ್ಜಲ್ಲಿಟ್ಟು, ಸಂಜೆಗೆ ತಟ್ಟೆಗೆ ಮಗುಚಿದ್ರೆ ಮೇಲಿಂದ ಕೆಂಪು ಪಾಕ ಇಳೀತಾ, ಆಹಾ, ಆ ವಿಡಿಯೋದೋಳು ಮಾಡಿದಂಗೇ ಬಂದಿತ್ತು.

ಸೌಂದರ್ಯ ಒಂದು ಚಮಚ ಬಾಯಿಗಿಟ್ಲು. ಇನ್ನೊಂದು ಚಮಚ ತಿಂದ್ಲು, ಮತ್ತೊಂದು. ಅರ್ಧ ಖಾಲಿ ಮಾಡಿ ಕೇಳಿದ್ಲು, "ಎಷ್ಟು ಡಿಗ್ರಿಗಿಟ್ಟೆ ಅಪ್ಪ?"

"ನೂರ ಎಂಬತ್ತು. ಅದೇನೋ ಸೆಲ್ಸಿಯಸ್ಸಂತೆ" ಅಂದೆ.

"ಗೊತ್ತು. ನೀನು ಮೊದಲ್ನೇ ದಿನ ಗೆರೆ ಎಳೆದಾಗ್ಲೇ ನೋಡ್ದೆ. ಎರಡು ವರ್ಷದಿಂದ ಬೇಕರಿ ಮನೇಲಿದ್ದೀನಿ, ನಂಗೆ ಗೊತ್ತಾಗಲ್ವಾ?"

ನಾನು ಇಂಗು ತಿಂದ ಮಂಗನಂಗೆ ನಿಂತೆ. ಮೂರು ಸಲ ಹಾಲು ಮೊಟ್ಟೆ ಹಾಳಾಯ್ತು, ಮೀನು ಹಾಳಾಯ್ತು, ಗೌಸನ ಹತ್ರ ಮರ್ಯಾದೆ ಹೋಯ್ತು. ಇವಳು ನೋಡ್ಕೊಂಡು ಸುಮ್ನಿದ್ಲಾ? "ಮತ್ಯಾಕವ್ವ ಹೇಳ್ಲಿಲ್ಲ?"

"ನಾನು ಹೇಳಿದ್ರೆ ಪುಡ್ಡಿಂಗ್ ಆಗಿರೋದು ಕಣಪ್ಪ. ನೀನು ಅವರಿಗೆ ಫೋನ್ ಮಾಡ್ತಿರಲಿಲ್ಲ."

ಪುಟ್ಟತಾಯಿ ಸೆರಗು ಬಾಯಿಗಿಟ್ಕೊಂಡು ಗೋಡೆ ಕಡೆ ತಿರುಗಿದ್ಲು. ಅವಳಿಗೂ ಮೊದಲೇ ಗೊತ್ತಿತ್ತೋ ಇಲ್ವೋ, ನಂಗೆ ಇವತ್ತಿಗೂ ಗೊತ್ತಿಲ್ಲ. ಬೈಯ್ಯೋಣ ಅಂದ್ಕೊಂಡೆ. ಯಾರಿಗೆ ಬೈಯ್ಯೋದು? ಬಾಗಿಲ ಮೂಲೇಲಿ ತುಂಬಿಟ್ಟ ಬ್ಯಾಗು ಹಂಗೇ ಇತ್ತು. ಅದನ್ನ ಎತ್ತಿ ಒಳಗಿನ ರೂಮಲ್ಲಿಟ್ಟು ಬಂದೆ. ನನ್ನ ಫೋನ್ ಜೇಬಿಂದ ತೆಗೆದು ಸೌಂದರ್ಯನ ಕೈಗೆ ಕೊಟ್ಟೆ.

"ನಂಬರ್ ಹಾಕ್ಕೊಡು. ಭಾನುವಾರ ಗೌಸನ ಹತ್ರ ಮೀನು ತರ್ತೀನಿ. ಬಂದು ಓವನ್ ಮುಂದೆ ನಿಂತು ಮಾಡಿ ತೋರಿಸ್ಲಿ."

ಅವಳು ನಂಬರ್ ಒತ್ತಿ ತಲೆ ಎತ್ತಿದ್ಲು. "ಹೆಸರು ಏನಂತ ಹಾಕ್ಲಿ ಅಪ್ಪ? ಬೇಕರಿಯವನು ಅಂತಾನಾ?"

"ಅಳಿಯ ಅಂತ ಹಾಕು" ಅಂದೆ.