ನಾಣ್ಯ ನಿಂತ ಗರಗಸ

ಅಕ್ಕನ ಮನೆಯ ಹಿಂದಿನ ಶೆಡ್ಡಿನಲ್ಲಿ ತೊಟ್ಟಿಲೊಂದು ಅರ್ಧಕ್ಕೆ ನಿಂತಿತ್ತು. ತಮ್ಮನ ಮಗಳಿಗೆ ದಿನ ತುಂಬುತ್ತಿತ್ತು. ತಳ, ಪಕ್ಕದ ಹಲಗೆ, ಕಂಬಿಗಳು ಎಲ್ಲ ಸಿದ್ಧ. ತೂಗುವ ಬಾಗಿದ ಕಾಲುಗಳು ಮಾತ್ರ ದಪ್ಪ ಹಲಗೆಯ ಮೇಲೆ ಪೆನ್ಸಿಲ್ ಗೆರೆಯಾಗಿಯೇ ಉಳಿದಿದ್ದವು. ಅಕ್ಕ ಕೈಗರಗಸ ಹಿಡಿದು ಒಂದು ಹಲಗೆಯನ್ನು ಹಾಳುಮಾಡಿದ್ದಳು. ಆ ಬಾಗು ಸರಿಯಾಗಿ ಬರಬೇಕಾದರೆ ಬ್ಯಾಂಡ್ ಸಾ ಬೇಕು: ಮೇಲೊಂದು ಕೆಳಗೊಂದು ಚಕ್ರ, ಅವೆರಡನ್ನೂ ಸುತ್ತಿ ರಿಬ್ಬನ್ನಿನಂತೆ ಓಡುವ ಗರಗಸ.

ಆ ಕೆಲಸದಲ್ಲಿ ಪಳಗಿದ ಕೈ ತಮ್ಮನದು. ಐವತ್ತು ದಾಟಿ, ತಲೆ ನರೆತು, ಬಗ್ಗದೆ ಬಾಗಿಲು ದಾಟಲಾಗದಷ್ಟು ಎತ್ತರವಿದ್ದರೂ ಅಕ್ಕನ ಬಾಯಲ್ಲಿ ಅವನಿನ್ನೂ ಪುಟ್ಟನೇ. ಹಿಂದಿನ ವರ್ಷ ಪೀಠೋಪಕರಣದ ಕಾರ್ಖಾನೆಯಲ್ಲಿ ಚಕ್ರಗರಗಸ ಅವನ ಎಡಗೈಯ ಎರಡು ಬೆರಳುಗಳ ತುದಿಯನ್ನು ತೆಗೆದುಕೊಂಡಿತ್ತು. ಆಮೇಲೆ ಅವನು ಮರ ಉಜ್ಜುತ್ತಿದ್ದ, ಅಂಟು ಹಚ್ಚುತ್ತಿದ್ದ. ಯಾವುದಾದರೂ ಮೋಟಾರು ಗುಂಯ್‌ಗುಟ್ಟಿತೋ, ಹೊರಗೆ ಏನೋ ಕೆಲಸ ನೆನಪಾಗಿ ಎದ್ದು ಹೋಗುತ್ತಿದ್ದ.

ಅಕ್ಕ ಆಯುಷ್ಯವೆಲ್ಲ ಈಜು ಕಲಿಸಿದವಳು. ನೀರೆಂದರೆ ಗಡಗಡ ನಡುಗುವವರನ್ನು ಕೈಹಿಡಿದು ನೀರಿಗಿಳಿಸಿದವಳಿಗೆ ಒಡಹುಟ್ಟಿದವನ ಭಯ ದೊಡ್ಡದೆನಿಸಲಿಲ್ಲ. ನಡುಗದೆ ಓಡುವ ಒಳ್ಳೆಯ ಯಂತ್ರವೊಂದು ಕಣ್ಣಿಗೆ ಬಿದ್ದರೆ ಅವನ ಮನಸ್ಸು ತಾನೇ ತಿರುಗೀತು ಎಂದುಕೊಂಡಳು. ಯಂತ್ರ ಮಾರುವ ಅಂಗಡಿಗೆ ಹೊರಟಾಗ ಅವನು ಬರಲೊಲ್ಲೆ ಎಂದ. ಭಾರ ಎತ್ತಲು ಜೊತೆಗೊಬ್ಬರು ಬೇಕೆಂದು ನೆಪ ಹೇಳಿ ಎಳೆದುಕೊಂಡು ಹೋದಳು.

ಅಂಗಡಿಯೆಂದರೆ ತಗಡಿನ ಮಾಡಿನ ಒಂದು ಉದ್ದನೆಯ ಗೋದಾಮು. ಎಣ್ಣೆಯ ವಾಸನೆ, ನೆಲದ ಮೇಲೆ ಮರದ ಹೊಟ್ಟು. ತಮ್ಮ ಬಾಗಿಲಲ್ಲೇ ನಿಂತ. ಅಂಗಡಿಯವನು ಮೊದಲು ತೋರಿಸಿದ್ದು ಮಿರಮಿರ ಮಿಂಚುವ ಹೊಸ ಯಂತ್ರ. ಅಕ್ಕ ಅದರ ಮೇಜಿನ ಮೇಲೆ ಒಂದು ನಾಣ್ಯವನ್ನು ಅಂಚಿನ ಮೇಲೆ ನಿಲ್ಲಿಸಿ, ಚಾಲು ಮಾಡಲು ಹೇಳಿದಳು. ಸ್ವಿಚ್ ಒತ್ತಿದ್ದೇ ತಡ, ನಾಣ್ಯ ಗಿರ್ರನೆ ತಿರುಗಿ ನೆಲಕ್ಕೆ ಹಾರಿತು.

ನೆಲ ಸಮ ಇಲ್ಲ, ಅದಕ್ಕೇ ಹಾಗೆ ಎಂದ ಅಂಗಡಿಯವನು.

"ಕುಣಿಯೋಕೆ ಬರ್ದೇ ಇರೋರಿಗೆ ನೆಲ ಯಾವಾಗ್ಲೂ ಡೊಂಕೇ" ಎಂದಳು ಅಕ್ಕ.

ಅವನು ನಗುತ್ತಲೇ ಮೂಲೆಯಲ್ಲಿದ್ದ ಇನ್ನೊಂದರ ಮೇಲಿನ ಹೊದಿಕೆ ಎಳೆದ. ಯಾರೋ ಬಳಸಿ ಬಿಟ್ಟ ಯಂತ್ರ. ಬಣ್ಣ ಮಾಸಿತ್ತು, ಆದರೆ ಮೈ, ಚಕ್ರ, ಮೇಜು ಎಲ್ಲ ಎರಕದ ಕಬ್ಬಿಣ. ಅಕ್ಕ ನಾಣ್ಯವನ್ನು ಹೆಕ್ಕಿ ಇದರ ಮೇಜಿನ ಮೇಲೂ ನಿಲ್ಲಿಸಿದಳು. ಮೋಟಾರು ಓಡತೊಡಗಿತು. ನಾಣ್ಯ ನೆಟ್ಟಗೆ ನಿಂತೇ ಇತ್ತು. ಅಕ್ಕ ಅಂಗೈಯನ್ನು ಮೇಜಿಗೆ ಒತ್ತಿ ನೋಡಿದಳು. ಮಲಗಿದ ಬೆಕ್ಕಿನ ಹೊಟ್ಟೆಯಷ್ಟೂ ಅಲುಗುತ್ತಿರಲಿಲ್ಲ. ಅವಳ ಮುಖ ಅರಳಿತು. ತಿರುಗಿ ನೋಡಿದರೆ ತಮ್ಮ ಹೊಸ್ತಿಲು ದಾಟಿ ಒಳಗೆ ಬಂದಿದ್ದ, ತಲೆ ಒಂದು ಪಕ್ಕಕ್ಕೆ ವಾಲಿಸಿ ಏನನ್ನೋ ಆಲಿಸುತ್ತಿದ್ದ.

ಅಂಗಡಿಯವನು ಕಿವಿಗೆ ಕವಚ ಹಾಕಿಕೊಂಡು ಗಟ್ಟಿಮರದ ತುಂಡೊಂದನ್ನು ಗರಗಸಕ್ಕೆ ಕೊಟ್ಟ. ಅಕ್ಕ ಗೆರೆ ನೇರ ಬರುತ್ತದೆಯೇ ನೋಡಲು ಯಂತ್ರದ ಬಲಮಗ್ಗುಲಿಗೆ ಹೋಗಿ ಬಗ್ಗಿದಳು. ಆಗ ಅವಳಿಗೂ ಕೇಳಿಸಿತು: ಕೊಯ್ಯುವ ಸದ್ದಿನ ನಡುವೆ ಸಣ್ಣಗೆ ಟಿಕ್, ಟಿಕ್. ಮರದ ಗಂಟಿರಬೇಕು ಎಂದುಕೊಂಡಳು.

"ನಿಲ್ಸಿ" ಎಂದ ತಮ್ಮ.

ಅಂಗಡಿಯವನಿಗೆ ಕೇಳಿಸಲಿಲ್ಲ. ಟಿಕ್‌ಟಿಕ್ ಜೋರಾಯಿತು. "ಅಕ್ಕಾ, ಈಚೆಗೆ ಬಾ" ಎಂದ ಮತ್ತೆ. ಒಂದು ನಿಮಿಷ ಎಂದು ಅವಳು ಕೈಸನ್ನೆ ಮಾಡಿದಳು. ಮರುಕ್ಷಣ ಅವಳ ರಟ್ಟೆಗೆ ಯಾರೋ ಕೈಹಾಕಿ ಸೆಳೆದಂತಾಯಿತು. ಮುಗ್ಗರಿಸುತ್ತಲೇ ಅವಳು ಕಂಡದ್ದು ತಮ್ಮನ ಎಡಗೈ. ಆ ಮೊಂಡು ಬೆರಳುಗಳು ಕೆಂಪು ಗುಂಡಿಯನ್ನು ಗುದ್ದಿದವು. ಮೋಟಾರಿನ ಉಸಿರು ನಿಂತಿತು, ಚಕ್ರ ಇನ್ನೂ ತಿರುಗುತ್ತಿತ್ತು. ಅಷ್ಟರಲ್ಲಿ ಫಟಾರ್ ಎಂದು ಗೋದಾಮೇ ಬಿರಿದಂಥ ಸದ್ದು. ಗರಗಸದ ಪಟ್ಟಿ ತುಂಡಾಗಿ, ಅದರ ಒಂದು ತುದಿ ಸುರುಳಿ ಬಿಚ್ಚಿ ಬಲಕ್ಕೆ ಚಿಮ್ಮಿ, ಅವಳು ಬಗ್ಗಿ ನಿಂತಿದ್ದ ಜಾಗದಲ್ಲಿ ತುಯ್ದಾಡುತ್ತ ನಿಂತಿತು.

ಅಂಗಡಿಯವನ ಮುಖ ಸುಣ್ಣದ ಗೋಡೆಯಾಗಿತ್ತು. ಅಕ್ಕ ತಮ್ಮನ ತೋಳು ಹಿಡಿದು, ಸಾಕು, ಈ ಯಂತ್ರವೂ ಬೇಡ, ತೊಟ್ಟಿಲು ಮಾಡುವುದೂ ಬೇಡ, ಸಿದ್ಧವಾದದ್ದೊಂದನ್ನು ಕೊಂಡು ತಂದುಬಿಡೋಣ ಎಂದಳು. ಜನರನ್ನು ನೀರಿಗಿಳಿಸಿದವಳಿಗೆ ಈಗ ದಡ ಬೇಕಾಗಿತ್ತು.

ಅವನು ಮಾತ್ರ ಕದಲಲಿಲ್ಲ. ಪ್ಲಗ್ ಕಿತ್ತು ಬದಿಗಿಟ್ಟ. ಚಕ್ರಗಳನ್ನು ಮುಚ್ಚಿದ್ದ ಯಂತ್ರದ ಬಾಗಿಲು ತೆರೆದು, ತುಂಡಾದ ಪಟ್ಟಿಯನ್ನು ಈಚೆಗೆ ತೆಗೆದು ಅದರ ತುದಿಯನ್ನು ಬೆಳಕಿಗೆ ಹಿಡಿದ. ಪಟ್ಟಿಯ ಎರಡು ತುದಿಗಳನ್ನು ಕೂಡಿಸಿದ್ದ ಬೆಸುಗೆಯ ಜಾಗದಲ್ಲೇ ಹರಿದಿತ್ತು; ಟಿಕ್‌ಟಿಕ್ ಎಂದದ್ದು ಆ ಬಿರುಕೇ. ಮೇಲಿನ ಚಕ್ರವನ್ನು ಕೈಯಿಂದ ತಿರುಗಿಸಿ ಬಿಟ್ಟ. ಅದು ಸದ್ದಿಲ್ಲದೆ ತುಂಬ ಹೊತ್ತು ತಿರುಗಿ ತಾನಾಗಿ ನಿಂತಿತು. ಚಕ್ರದ ಮೇಲಿನ ರಬ್ಬರಿನ ಉದ್ದಕ್ಕೂ ಬೆರಳಾಡಿಸಿದ.

"ಯಂತ್ರದ್ದೇನೂ ತಪ್ಪಿಲ್ಲಕ್ಕ. ಬ್ಲೇಡು ಸತ್ತಿತ್ತು. ಹೊಸದು ಕೊಡ್ಲಿ."

"ಪುಟ್ಟಾ, ಬೇಡ ಕಣೋ."

"ನೀನು ಆ ಗೋಡೆ ಹತ್ರ ನಿಂತ್ಕೋ. ಬಲಗಡೆ ಮಾತ್ರ ಬರ್ಬೇಡ."

ಹೊಸ ಪಟ್ಟಿಯನ್ನು ಅವನೇ ಏರಿಸಿದ. ಬಿಗಿ ನೋಡಿದ, ಚಕ್ರವನ್ನು ಕೈಯಲ್ಲೇ ಸುತ್ತಿಸಿ ಪಟ್ಟಿ ನಡುವೆಯೇ ಓಡುವಂತೆ ತಿರುಪು ತಿರುಗಿಸಿದ. ಹಿಂದಿನದು ಎಷ್ಟು ಹಳೆಯದೆಂದು ತಾನು ನೋಡಲೇ ಇಲ್ಲವೆಂದು ಅಂಗಡಿಯವನು ಮತ್ತೆ ಮತ್ತೆ ಹೇಳಿದ. ತಮ್ಮ ಯಂತ್ರದ ಬಾಗಿಲು ಮುಚ್ಚಿ, ಪ್ಲಗ್ ಹಾಕಿದ. ಸ್ವಿಚ್ಚಿನ ಮೇಲೆ ಕೈಯಿಟ್ಟವನು ಹಾಗೇ ನಿಂತುಬಿಟ್ಟ. ಅವನ ಕತ್ತಿನಲ್ಲಿ ಬೆವರು ಇಳಿಯುವುದು ಅಕ್ಕನಿಗೆ ಕಾಣುತ್ತಿತ್ತು. ಬಾ ಎನ್ನಲೂ ಆಗದೆ, ಒತ್ತು ಎನ್ನಲೂ ಆಗದೆ ಅವಳು ಗೋಡೆಗಂಟಿ ನಿಂತಳು.

ಒತ್ತಿದ. ಯಂತ್ರ ಓಡಿತು. ಅವನು ಕಣ್ಣು ಮುಚ್ಚಿ ಕೇಳಿಸಿಕೊಂಡ. ಎಲ್ಲೂ ಟಿಕ್ ಇಲ್ಲ, ಒಂದೇ ಸಮನಾದ ಸುಯ್ಲು. ಬಿದ್ದಿದ್ದ ಮರದ ತುಂಡನ್ನು ಎತ್ತಿ, ಅದರ ಮೇಲೆ ಪೆನ್ಸಿಲಿನಲ್ಲಿ ಒಂದು ಬಾಗು ಗೀಚಿ, ಎರಡೂ ಕೈಯಲ್ಲಿ ಹಿಡಿದು ನಿಧಾನಕ್ಕೆ ಮುಂದೂಡಿದ. ಗರಗಸ ಗೆರೆಯ ಬೆನ್ನು ಹತ್ತಿ ಸಾಗಿತು. ತುದಿ ಮುಟ್ಟಿ, ತುಂಡು ಎರಡಾಗಿ ಬಿದ್ದಾಗಲೇ ಅಕ್ಕ ಉಸಿರು ಬಿಟ್ಟದ್ದು.

ಅದನ್ನೇ ಕೊಂಡರು. ಟೆಂಪೋದಲ್ಲಿ ಹಗ್ಗ ಬಿಗಿದು ಮನೆಯತ್ತ ಹೊರಟ ಮೇಲೆ ಅಕ್ಕನ ಕೈಗಳು ನಡುಗತೊಡಗಿದವು. ಮಡಿಲಲ್ಲಿ ಅವುಚಿಟ್ಟುಕೊಂಡರೂ ನಿಲ್ಲಲಿಲ್ಲ. ಯಂತ್ರದ ಹತ್ತಿರ ಹೋಗುವವನೇ ಅಲ್ಲದವನು ಅದು ಹೇಗೆ ನುಗ್ಗಿ ಬಂದೆ ಎಂದು ಕೇಳಿದಳು.

"ಯೋಚನೆ ಮಾಡಿದ್ದಿದ್ರೆ ಅಲ್ಲೇ ನಿಂತಿರ್ತಿದ್ದೆ" ಎಂದ ಅವನು. ಆಮೇಲೆ, "ನಂಗೆ ಈಗ್ಲೂ ಭಯ ಇದೆ ಅಕ್ಕ. ಅದು ಹೋಗಲ್ಲ ಅನ್ಸುತ್ತೆ" ಎಂದ.

ಅವಳು ಸಮಾಧಾನ ಹೇಳಹೋಗಲಿಲ್ಲ. ಅವನ ಕೈಯನ್ನು ಎತ್ತಿ ತನ್ನ ಕೈಗಳ ಮೇಲಿಟ್ಟುಕೊಂಡಳು. ಮನೆ ಬರುವವರೆಗೂ ಅದು ಅಲ್ಲೇ ಇತ್ತು.