ಕಂಪನಿಯ ಅಂಗಳದ ದೋಣಿ

ನಾನೊಂದು ಪಾತಿದೋಣಿ. ಕುಂದಾಪುರದ ಕಡೆಯ ಒಂದು ಕಡಲ ಕೇರಿಯಲ್ಲಿ ಮಾವಿನ ದಿಮ್ಮಿಯಿಂದ ನನ್ನನ್ನು ಕೆತ್ತಿದರು. ಹುಳು ಹಿಡಿಯದಂತೆ ಮೀನೆಣ್ಣೆ ಬಳಿದವಳು ಬಚ್ಚ ಮೊಗವೀರನ ಹೆಂಡತಿ ಚಿಕ್ಕಮ್ಮು. ಅಂದಿನಿಂದ ನಾನು ಅವರ ಮನೆಯವಳಾದೆ. ಬೆಳಕು ಹರಿಯುವಾಗ ಬಚ್ಚ ನನ್ನನ್ನು ನೀರಿಗೆ ನೂಕುತ್ತಿದ್ದ. ಬಿಸಿಲೇರುವ ಮೊದಲು ಬಂಗುಡೆ ಹೊತ್ತು ತಿರುಗುತ್ತಿದ್ದೆವು. ಬುಟ್ಟಿ ಹಿಡಿದು ದಡದಲ್ಲಿ ನಿಂತ ಚಿಕ್ಕಮ್ಮು ಗಂಡನ ಮುಖಕ್ಕಿಂತ ಮೊದಲು ನನ್ನ ಹೊಟ್ಟೆಯನ್ನು ನೋಡುತ್ತಿದ್ದಳು. ಅದಕ್ಕೆ ಅವನು ನಗುತ್ತಿದ್ದ.

ಆಮೇಲೆ ಹೊರದೇಶದ ಕಂಪನಿಯೊಂದು ನಮ್ಮ ಕಡಲಿನಲ್ಲಿ ಎಣ್ಣೆಬಾವಿ ಕೊರೆಯಿತು. ನೀರಿನ ನಡುವೆ ಕಬ್ಬಿಣದ ಅಟ್ಟ ಎದ್ದಿತು, ಅದರ ತುದಿಯಲ್ಲಿ ಆರದ ಬೆಂಕಿ. ಸುತ್ತಮುತ್ತ ದೋಣಿ ಸುಳಿಯಕೂಡದು ಎಂದರು. ಮೀನಿದ್ದದ್ದು ಅಲ್ಲಿಯೇ.

"ಕಡ್ಲಿಗೂ ಬೇಲಿ ಹಾಕ್ರ್ ಕಾಣ್!" ಎಂದು ಬಚ್ಚ ಉಗಿದ.

ಒಂದು ಮುಂಜಾನೆ ಅಲೆಯೇ ಕಪ್ಪಾಗಿ ಬಂತು. ಬಾವಿಯ ಕೊಳವೆ ಒಡೆದಿತ್ತು. ದಡದ ತುಂಬ ಸತ್ತ ಆಮೆಗಳು. ಎಣ್ಣೆ ಬಾಚಲು ದೋಣಿಗಳು ಬೇಕೆಂದು ಕಂಪನಿಯವರು ಕೇರಿಗೆ ಬಂದರು. ಮೀನಿಲ್ಲದೆ ಕೂತ ಕೇರಿ ಇಲ್ಲವೆನ್ನಲಿಲ್ಲ. ಕಂಪನಿಯವರು ತಮ್ಮವರಿಗೆ ಮುಖಗವಸು, ಕೈಗವಸು ಕೊಟ್ಟರು. ಬಚ್ಚನಿಗೆ ಕೊಟ್ಟದ್ದು ಒಂದು ಬಾಲ್ದಿ. ಮೊಣಕೈವರೆಗೆ ಕಪ್ಪಾಗಿ ಅವನು ಬಾಚಿ ಬಾಚಿ ನನ್ನೊಳಗೆ ಸುರಿದ. ನಾತಕ್ಕೆ ತಲೆ ತಿರುಗಿ ನನ್ನ ಅಂಚಿನಿಂದ ಬಾಗಿ ವಾಂತಿ ಮಾಡಿದ.

ಅವನ ಕೈಯ ಚರ್ಮ ಸುಲಿಯಿತು. ಕೆಮ್ಮು ನಿಲ್ಲಲಿಲ್ಲ. ಕಂಪನಿಯ ಡಾಕ್ಟರು ಬಂದು ನೋಡಿ, "ಬೀಡಿ ಸೇದುವ ಅಭ್ಯಾಸ ಉಂಟಾ?" ಎಂದರು.

"ಹೌದ್, ಸೇದ್ತ್ರ್," ಎಂದಳು ಚಿಕ್ಕಮ್ಮು. "ದಡದಂಗೆ ಸತ್ತ್ ಬಿದ್ದ್ ಆಮೆ ಎಲ್ಲ ಬೀಡಿ ಸೇದ್ತಿದ್ವಾ ಡಾಕ್ಟ್ರೇ?"

ಡಾಕ್ಟರು ಚೀಲ ಎತ್ತಿಕೊಂಡರು. ಮಳೆ ಹಿಡಿಯುವ ಮೊದಲೇ ಬಚ್ಚ ತೀರಿಕೊಂಡ.

ಆ ಎಣ್ಣೆ ಕುಡಿದ ನನ್ನನ್ನು ಮತ್ತೆ ಯಾರೂ ನೀರಿಗಿಳಿಸಲಿಲ್ಲ. ವಿಷದ ಕಸ, ಸುಡಬೇಕು ಎಂದು ಕಂಪನಿಯ ಲಾರಿ ಹೊತ್ತೊಯ್ದಿತು. ಸುಟ್ಟಿದ್ದರೆ ಚೆನ್ನಾಗಿತ್ತು. ಉಜ್ಜಿ ತೊಳೆದು, ನೀಲಿ ಬಣ್ಣ ಬಳಿದು, ಹೊಟ್ಟೆ ತುಂಬ ಮಣ್ಣು ಸುರಿದು ಹೂಗಿಡ ನೆಟ್ಟರು. ಈಗ ಅವರ ಅತಿಥಿಗೃಹದ ಅಂಗಳದಲ್ಲಿದ್ದೇನೆ. ದೂರದೇಶದ ಸಾಹೇಬರು ನನ್ನ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ.

ಒಮ್ಮೆ ಕೇರಿಯವರ ಅಹವಾಲು ಕೇಳುತ್ತೇವೆಂದು ಇಲ್ಲಿಗೇ ಸಭೆ ಕರೆದರು. ಬಾಗಿಲವರೆಗೆ ಹೋದ ಚಿಕ್ಕಮ್ಮು ನನ್ನನ್ನು ಕಂಡು ನನ್ನ ಬಳಿಗೆ ತಿರುಗಿ ಬಂದಳು. ನೀಲಿ ಬಣ್ಣದ ಮೇಲೆ ಕೈಯಾಡಿಸಿದಳು. ಆಮೇಲೆ ಎರಡೂ ಕೈ ಹಾಕಿ ಗಿಡಗಳನ್ನು ಕಿತ್ತೆಸೆಯತೊಡಗಿದಳು.

"ಚಿಕ್ಕಮ್ಮಕ್ಕ, ಬಿಡಿ! ನನ್ನ ಕೆಲ್ಸ ಹೋತ್ತ್!" ಎಂದು ಕಾವಲುಗಾರ ಶೀನ ಓಡಿಬಂದ. ಅವನೂ ಅದೇ ಕೇರಿಯವನು.

"ನಮ್ ಬಾಯಿಗ್ ಮಣ್ ಹಾಕದ್ ಸಾಕಾಯ್ಲಿಲ್ಯಾ ಅವ್ರಿಗೆ? ಇದ್ರ ಹೊಟ್ಟಿಗೂ ಹಾಕ್ರ್!"

ಶೀನ ಅವಳ ಕೈ ಹಿಡಿಯಲಿಲ್ಲ. ಕೊನೆಯ ಗಿಡ ಬೀಳುವವರೆಗೂ ಕಡಲ ಕಡೆ ಮುಖ ಮಾಡಿ ನಿಂತ.

ಮರುದಿನ ಹೊಸ ಗಿಡ ನೆಟ್ಟರು. ದಿನವೂ ನೀರು ಹನಿಸುತ್ತಾರೆ. ಅಷ್ಟು ವರ್ಷ ಉಪ್ಪುನೀರಿಗೆ ಜಗ್ಗದ ನನ್ನ ತಳ ಈ ಸಿಹಿನೀರಿಗೆ ಕೊಳೆಯುತ್ತಿದೆ. ಆ ಹೆಂಗಸನ್ನು ಗೇಟಿನೊಳಗೆ ಬಿಡಕೂಡದೆಂದು ಶೀನನಿಗೆ ಅಪ್ಪಣೆಯಾಯಿತು. ಅವನು ಹ್ಞೂಂ ಎಂದ. ಅವನ ಮನೆಯಲ್ಲೂ ಈಗ ದೋಣಿಯಿಲ್ಲ.