ಹೂಂ ಅಂದ ಗೋಣು

ಮತ್ತೊಂದು ಸ್ಕ್ರೂ ಸ್ಟೀಲಿನ ವಾಟಿಗೆ ಬಿತ್ತು, ಟಣ್ ಅಂತ, ಆ ವಾಟಿ ನಾನೇ ಕೊಟ್ಟದ್ದು, ಸ್ಕ್ರೂ ಕಳೀಬಾರದು ತಗೋ ಅನಿಲ ಅಂತ, ಏನು ಓರಣ ನನ್ನದು, ಮನೆ ಕೆಡವುವವರ ಕೈಗೆ ವಾಟಿ ಕೊಟ್ಟು ಬಾಗಿಲಲ್ಲಿ ನಿಂತಿದ್ದೇನೆ — ಮನೆಯಲ್ಲ, ರೈಲು, ಪ್ಲೈವುಡ್ಡಿನ ಮೇಲಿನ ಆಟದ ರೈಲು, ಆದರೆ ಇವರಿಗೆ ಇದೇ ಮನೆಯಾಗಿತ್ತು, ನಾವೆಲ್ಲ ಇದ್ದದ್ದು ಇದರ ಪಡಸಾಲೆಯಲ್ಲಿ — ಹೊರಗೆ ವಿರಾರ್ ಲೋಕಲ್ ಹಾಯಿತು, ಕಿಟಕಿಯ ಗಾಜು ನಡುಗಿತು, ಬೊರಿವಲಿಯಲ್ಲಿ ಫ್ಲ್ಯಾಟು ನೋಡುವಾಗ ಎಲ್ಲರೂ ಹಳಿಯ ಮಗ್ಗುಲಿಗೆ ಬೇಡ ಅಂದರೆ ಇವರು ಹಳಿ ಕಾಣದ ಮನೆಯ ಹೊಸ್ತಿಲನ್ನೇ ತುಳಿಯಲಿಲ್ಲ, ಕಣ್ಣು ಮುಚ್ಚಿಕೊಂಡು ಸದ್ದು ಕೇಳಿಯೇ ಇದು ಫಾಸ್ಟು, ಇದು ಸ್ಲೋ, ಇದು ಗೂಡ್ಸು ಎನ್ನುತ್ತಿದ್ದ ಗಂಡ, ಈಗ ವೀಲ್‌ಚೇರಿನಲ್ಲಿ ಕೂತು ಏನು ಕೇಳಿಸಿಕೊಳ್ಳುತ್ತಿದ್ದಾರೋ, ಲಕ್ವಾ ಹೊಡೆದು ನಾಲ್ಕು ತಿಂಗಳು, ಬಲಗೈ ಹೋಯಿತು, ಬಲಗಾಲು ಹೋಯಿತು, ಮಾತು ಹೋಯಿತು, ಸ್ಲೇಟು ಕೊಟ್ಟರೆ ಎಡಗೈಯಲ್ಲಿ ಗೆರೆ ಎಳೆಯುತ್ತಾರೆ, ಬರೀ ಗೆರೆ, ಉಳಿದದ್ದು ಒಂದು ಗೋಣು, ಏನು ಕೇಳಿದರೂ ಗದ್ದ ನಿಧಾನವಾಗಿ ಇಳಿದು ಅಂಗಿಯ ಮೇಲಿನ ಗುಂಡಿಗೆ ತಾಗಿ ಮತ್ತೆ ಏಳುತ್ತದೆ, ಹೂಂ, ಆ ಒಂದು ಹೂಂ ನಂಬಿ ನಾಲ್ಕು ತಿಂಗಳು ಸಂಸಾರ ಮಾಡಿದ್ದೇನೆ, ಚಹಾ ಬೇಕೇನ್ರಿ, ಹೂಂ, ಫ್ಯಾನ್ ಹಚ್ಚಲೇನ್ರಿ, ಹೂಂ, ಅದೇ ಹೂಂ ನಂಬಿ ಇವತ್ತು ಇವರ ಗಾಡಿಗಳನ್ನೆಲ್ಲ ಕೊಟ್ಟುಬಿಟ್ಟೆ, ಮತ್ತು ಈಗ, ಹನ್ನೊಂದೂವರೆಗೆ, ಅದು ಹೂಂ ಅಲ್ಲವಂತೆ.

ಬೇರೆಯವರ ಗಂಡಂದಿರಿಗೆ ಇಸ್ಪೀಟು, ಕುಡಿತ, ನನ್ನವರಿಗೆ ಗಾಡಿ, ನಮ್ಮವ್ವ ಹೇಳುತ್ತಿದ್ದಳು, ಹುಚ್ಚು ಇರೂದಿದ್ರ ಇಂಥಾದ್ದ ಇರಲಿ ಬಿಡ ಶೈಲಾ, ಗಂಡ ಮನಿಯಾಗರ ಇರ್ತಾನ — ಧಾರವಾಡದಲ್ಲಿ ನಮ್ಮ ಓಣಿಯ ಹೊಸ ಜೋಡಿಗಳೆಲ್ಲ ಮಹಾಬಳೇಶ್ವರಕ್ಕೆ ಹೋದರೆ ನನ್ನನ್ನು ಕ್ಯಾಸಲ್‌ರಾಕಿಗೆ ಕರೆದೊಯ್ದರು, ಈ ಸಣ್ಣ ಹಳಿ ಕಿತ್ತು ದೊಡ್ಡದು ಹಾಕ್ತಾರ, ಭಾಳ ದಿನ ಇರೂದಿಲ್ಲ, ಇರೂದರಾಗ ನೋಡಿಬಿಡು ಅಂತ, ರೇಷ್ಮೆ ಸೀರೆ ಉಟ್ಟುಕೊಂಡು ಸ್ಟೇಷನ್ನಿನ ಬೆಂಚಿನ ಮೇಲೆ ನಾಲ್ಕು ತಾಸು, ಘಾಟು ಹತ್ತುವ ಗಾಡಿಯನ್ನು ಹಿಂದಿನಿಂದ ಒತ್ತಲು ಇನ್ನೊಂದು ಇಂಜಿನ್ನು ಬರುತ್ತದಂತೆ, ಬಂತು, ನನಗೆ ಕಂಡದ್ದು ಹೊಗೆ, ಇವರ ಮುಖ ಮಾತ್ರ ದೇವರ ಪ್ರಸಾದ ಸಿಕ್ಕವರ ಹಾಗೆ — ಅದೇ ಕ್ಯಾಸಲ್‌ರಾಕನ್ನು ಈ ಕೋಣೆಯಲ್ಲಿ ಕಟ್ಟಿದರು, ಐದು ಹಲಗೆ ಜೋಡಿಸಿ, ಹನ್ನೊಂದು ವರ್ಷ, ಘಾಟು, ಸುರಂಗ, ಅಂಟು ಸುರಿದು ಮಾಡಿದ ಜಲಪಾತ, ಇಂಜಿನ್ನು ಬೆರಳುದ್ದ, ಜನ ಕಡಲೆಕಾಳಿನಷ್ಟು, ಗುಡ್ಡದ ಮಣ್ಣಿಗೆ ನನ್ನ ಚಹಾಪುಡಿ, ಸೋಸಿ ಉಳಿದದ್ದನ್ನು ಕಿಟಕಿಯಲ್ಲಿ ಒಣಗಿಸಿ ಡಬ್ಬಿ ತುಂಬಿ ಕೊಡುವುದು ನನ್ನ ಕೆಲಸ, ಗಿಡಗಳಿಗೆ ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರು, ಸಣ್ಣಗೆ ಕತ್ತರಿಸಿ ಕೊಡುವವಳೂ ನಾನೇ, ಆ ಬೆಂಚನ್ನೂ ಮಾಡಿದ್ದರು, ಅದರ ಮೇಲೆ ನಾ ಎಲ್ಲಿ ಇದ್ದೀನ್ರಿ ಅಂತ ಕೇಳಿದರೆ ನೋಡೂಣು ಅಂದರು, ಇವತ್ತಿಗೂ ಅಲ್ಲಿ ಯಾರೂ ಕೂತಿಲ್ಲ, ಎಲ್ಲದಕ್ಕೂ ನೋಡೂಣು, ಅಡುಗೆ ಕಟ್ಟೆ ಎತ್ತರಿಸೋಣವೆಂದರೆ ನೋಡೂಣು, ತಂಗಿಯ ಮದುವೆಗೆ ನಾಲ್ಕು ದಿನ ಮುಂಚೆ ಹೋಗುತ್ತೇನೆಂದರೆ ನೋಡೂಣು, ದಖ್ಖನ್ ಕ್ವೀನಿನ ಹಳೆಯ ಬೋಗಿಗಳು ಕೊನೆಯ ಸಲ ಓಡಿದ ದಿನ ಮಾತ್ರ ಈ ನೋಡೂಣು ಇಲ್ಲ, ಕ್ಯಾಮೆರಾ ಹಿಡಿದು ದಾದರಿಗೆ ಓಡಿದರು, ತಮ್ಮಂಥ ಹತ್ತಾರು ಮುದುಕರ ಜೊತೆ ನಿಂತು ಕಣ್ಣೊರೆಸಿಕೊಂಡು ಬಂದರು, ಮೂವತ್ತನಾಲ್ಕು ವರ್ಷದಲ್ಲಿ ನನ್ನ ಒಂದು ಮಾತಿಗೂ ಪಟ್ಟನೆ ಹೂಂ ಅಂದವರಲ್ಲ, ಅಲ್ಲಿಯೇ ನನಗೆ ತಿಳಿಯಬೇಕಿತ್ತು.

ಸೋಮವಾರ ಕೇಳಿದ್ದು, ರವೆ ಗಂಜಿ ಕುಡಿಸುವಾಗ, ಅದಕ್ಕೂ ಮೊದಲು ಮಲಾಡಿನಿಂದ ಮಗಳು ವೈಶಾಲಿಯ ಫೋನು, ಮಮ್ಮೀ ಸಮ್‌ಝೋ ನಾ, ಪಪ್ಪಾಗೆ ಹಾಸ್ಪಿಟಲ್ ಬೆಡ್ ಬೇಕು, ನಿಮ್ಮ ಬೆಡ್‌ರೂಮಿನಾಗ ವೀಲ್‌ಚೇರ್ ತಿರಗೂದ ಇಲ್ಲ, ಆ ಟ್ರೇನ್‌ವಾಲಾ ರೂಮ್ ಖಾಲಿ ಮಾಡು, ಎಷ್ಟು ದಿನ ಎತ್ತತಿ ನೀ, ನಿನ್ನ ಬೆನ್ನು ದೇಖಾ ಹೈ ಕ್ಯಾ — ನಿಜ, ಬೆನ್ನು ಮುರಿದು ಹೋಗಿದೆ, ಎಪ್ಪತ್ತು ಕಿಲೋ ಗಂಡಸನ್ನು ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಮಂಚಕ್ಕೆ, ಗಾಡಿಗಾದರೆ ಹಿಂದಿನಿಂದ ಒತ್ತಲು ಇನ್ನೊಂದು ಇಂಜಿನ್ನು ಬರುತ್ತದೆ, ನನಗೆ ಯಾರು ಬರುತ್ತಾರೆ — ಅದಕ್ಕೇ ಕೇಳಿದೆ, ಚಮಚ ಬಾಯಿಯ ಹತ್ತಿರ ಹಿಡಿದು, ಗಾಡಿ ಎಲ್ಲಾ ಪಾರ್ಲೆದ ಅನಿಲಗ ಕೊಟ್ಟುಬಿಡೂಣೇನ್ರಿ, ಅವನೂ ನಿಮ್ಮಂಗ ಹುಚ್ಚ, ಚಂದಂಗ ಇಟ್ಕೋತಾನ, ನಿಮಗ ಛಲೋ ಮಂಚ ಬರ್ತದ, ಹೂಂ ಏನ್ರಿ — ಗದ್ದ ಇಳಿಯಿತು, ಗುಂಡಿಗೆ ತಾಗಿತು, ಎದ್ದಿತು, ಎರಡು ಸಲ, ನನಗೆ ಎಷ್ಟು ಹಗುರವಾಯಿತೆಂದರೆ ಗಂಜಿಯನ್ನು ಅಲ್ಲೇ ಬಿಟ್ಟು ಅನಿಲನಿಗೆ ಫೋನು ಮಾಡಿದೆ, ನಿಮ್ಮ ಕಾಕಾ ಒಪ್ಯಾರ ಅಂದೆ, ಅವನಿಗೆ ನಂಬಿಕೆಯಾಗಲಿಲ್ಲ, ಖರೇನ ಏನ್ರಿ ಕಾಕೂ, ಇನ್ನೊಮ್ಮೆ ಕೇಳಿ ನೋಡ್ರಿ ಅಂದ, ಇಪ್ಪತ್ತು ವರ್ಷ ಇಬ್ಬರೂ ಕೂಡಿ ಹಳೆಯ ಇಂಜಿನ್ನುಗಳ ಬೆನ್ನು ಹತ್ತಿ ಇಗತ್‌ಪುರಿ, ನೇರಳ್ ಎಂದು ಅಲೆದವರು, ಅವನಿಗೆ ಅನುಮಾನ ಬಂತು, ಮಗ್ಗುಲಲ್ಲಿ ಮಲಗುವ ನನಗೆ ಬರಲಿಲ್ಲ, ಇನ್ನೊಮ್ಮೆ ಕೇಳಿದೆನೇ, ಇಲ್ಲ, ಬೇಡ ಅಂದುಬಿಟ್ಟರೆ ಎಂಬ ಹೆದರಿಕೆ, ಸುಳ್ಳು ಯಾಕೆ ಹೇಳಲಿ, ನನಗೆ ಆ ಹೂಂ ಬೇಕಾಗಿತ್ತು, ಸಿಕ್ಕ ಕೂಡಲೇ ಸೆರಗಿಗೆ ಕಟ್ಟಿಕೊಂಡೆ.

ಒಂಬತ್ತಕ್ಕೆ ಅನಿಲ ಬಂದ, ಇಬ್ಬರು ಬಡಿಗರನ್ನು ಕರೆದುಕೊಂಡು, ಬಂದವನೇ ಇವರ ಕಾಲು ಮುಟ್ಟಿದ, ಜೋಪಾನ ಮಾಡ್ತೀನ್ರಿ ಕಾಕಾ ಅಂದ, ಗೋಣು ಇಳಿಯಿತು, ಎದ್ದಿತು, ಅವನ ಕಣ್ಣಲ್ಲಿ ನೀರು, ಒಂದೊಂದೇ ಇಂಜಿನ್ನನ್ನು ಅರಿವೆಯಲ್ಲಿ ಸುತ್ತಿದ, ವೈರು ಬಿಡಿಸಿದ, ಆಮೇಲೆ ಘಾಟಿನ ಹತ್ತಿರ ನಿಂತು ತಲೆ ಕೆರೆದುಕೊಂಡ, ಕಾಕೂ, ಈ ಗುಡ್ಡ ಎರಡು ಬೋರ್ಡಿನ ಮ್ಯಾಲೆ ಕೂಡಿಸಿ ಮಾಡ್ಯಾರ್ರಿ ಕಾಕಾ, ಹಿಂಗ ಬಾಗಿಲದಾಗ ಹಾಯೂದಿಲ್ಲ, ನಡುವ ಕೊಯ್ಯಬೇಕಾಗ್ತದ, ಏನ್ ಮಾಡಲ್ರಿ — ನಾನು ಇವರತ್ತ ನೋಡಿದೆ, ಗೋಣು, ಕೊಯ್ಯಿ ಅಂದೆ, ಹತ್ತೂವರೆಗೆ ಗರಗಸ ಸುರಂಗದ ಬಾಯಿಂದ ಜಲಪಾತದವರೆಗೆ ಹೋಯಿತು, ಒಳಗಿನ ಥರ್ಮಾಕೋಲು ಬೆಳ್ಳಗೆ ಕಂಡಿತು, ನೆಲದ ತುಂಬ ಚಹಾಪುಡಿ, ಇವರು ನೋಡುತ್ತಲೇ ಇದ್ದರು, ನಾನೂ ನೋಡುತ್ತಲೇ ಇದ್ದೆ — ಹನ್ನೊಂದಕ್ಕೆ ಶೀತಲ ಬಂದಳು, ಮಾತು ಕಲಿಸುವ ಹುಡುಗಿ, ವಾರಕ್ಕೆ ಮೂರು ಸಲ ಬರುತ್ತಾಳೆ, ಬೇರೆ ದಿನ ಆ ಹೊತ್ತಿಗೆ ನಾನು ಅಡುಗೆ ಮನೆಯಲ್ಲಿ, ಇವತ್ತು ಒಲೆ ಹಚ್ಚಿರಲಿಲ್ಲ, ಇವರ ಪಕ್ಕದಲ್ಲೇ ನಿಂತಿದ್ದೆ, ಆಪಕಾ ನಾಮ್ ಶಶಿಕಾಂತ ಹೈ, ಅಂದಳು, ಅದು ಇವರ ಹೆಸರೇ, ಗೋಣು, ಆಪಕಾ ನಾಮ್ ರಾಮಪ್ಪ ಹೈ, ಗೋಣು, ಹಮ್ ಬೊರಿವಲಿ ಮೇ ಹೈ, ಗೋಣು, ಹಮ್ ಪುಣೆ ಮೇ ಹೈ, ಗೋಣು, ನಾನು ನಕ್ಕೆ, ಮೊದಲು ನಕ್ಕೇಬಿಟ್ಟೆ, ಆಮೇಲೆ ಅವಳ ತೋಳು ಹಿಡಿದೆ, ಶೀತಲ, ಯೇ ಕ್ಯಾ ಹೈ, ಅಂದೆ, ಕಾಕೂ ಮೈನೇ ಬೋಲಾ ಥಾ ನಾ, ಇನಕೇ ಹಾಂ ಪೆ ಭರೋಸಾ ಮತ್ ಕರೋ, ಮನ ಮೇ ಹಾಂ ಹೋ ಯಾ ನಾ, ಬಾಹರ್ ತೋ ಹಾಂ ಹೀ ಆತಾ ಹೈ — ಹೌದು ಅನ್ನಬೇಕಾದರೂ ಇದೇ ಗೋಣು, ಬೇಡ ಅನ್ನಬೇಕಾದರೂ ಇದೇ ಗೋಣು, ಮೊದಲ ವಾರವೇ ಹೇಳಿದ್ದಳಂತೆ, ಆಗ ನನ್ನ ತಲೆಯಲ್ಲಿ ಏನಿತ್ತು, ಗುಳಿಗೆಯ ಹೊತ್ತು, ಡೈಪರಿನ ಸೈಜು, ಯಾವ ದವಾಖಾನೆ, ಯಾವ ಎಣ್ಣೆ, ಎಲ್ಲಿ ಕೇಳಿಸಿಕೊಂಡೆ, ಹಾಗಾದರೆ ನಾವು ಆಡಿದ್ದು ಇವರಿಗೆ ತಿಳಿಯುವುದೂ ಇಲ್ಲವಾ ಅಂದೆ, ನಹೀ ಕಾಕೂ, ಸಮಝತೇ ತೋ ಬಹುತ್ ಹೈ ಅಂದಳು, ಬೇಕಾದಷ್ಟು ತಿಳಿಯುತ್ತದಂತೆ, ಬ್ಯಾಗು ಎತ್ತಿಕೊಂಡು ಮುಂದಿನ ಮನೆಗೆ ಹೋದಳು, ತಿಳಿಯುವುದಿಲ್ಲ ಅಂದಿದ್ದರೆ ಎಷ್ಟು ಚೆನ್ನಾಗಿತ್ತು.

ನಿಲ್ಲಿಸು ಅನಿಲ ಅನ್ನಬಹುದಿತ್ತು, ಬಾಯಿಯನ್ನೂ ತೆರೆದೆ, ಏನೆಂದು ನಿಲ್ಲಿಸಲಿ, ಇವರು ಬೇಡ ಅಂದಿದ್ದಾರೆಂದು ನನಗೇನು ಗೊತ್ತು, ಖರೇನೇ ಕೊಡು ಅಂದಿರಬಹುದು, ನನ್ನ ಬೆನ್ನು ನೋಡಿ ಅಂದಿರಬಹುದು, ಅಥವಾ ಒಳಗೆ ಬೇಡ ಬೇಡವೆಂದು ಚೀರುತ್ತಿರುವಾಗ ಗದ್ದ ತಾನೇ ಇಳಿದಿರಬಹುದು, ಗರಗಸ ಆಡುವಾಗಲೂ, ನನ್ನ ಕಣ್ಣ ಮುಂದೆಯೇ, ಅಯ್ಯೋ ಶಿವನೇ — ನಾಲ್ಕು ಹಲಗೆ ಲಿಫ್ಟಿನಲ್ಲಿ ಇಳಿದು ಟೆಂಪೋ ಹತ್ತಿವೆ, ಹಳಿ ತಿರುಗುವ ಕಡೆಯ ಹಲಗೆ ಬಾಗಿಲಲ್ಲಿ ಅಡ್ಡ ನಿಂತಿದೆ, ಕಾಕೂ ಇದೊಂದ ಉಳದದ, ಒಯ್ಯಲೇನ್ರಿ, ಟೆಂಪೋದವ ಕೆಳಗ ಒದರಾಕ ಹತ್ಯಾನ, ತಡಿ ಅನಿಲ, ಒಂದ ನಿಮಿಷ ತಡಿ, ಇವರ ಮುಂದೆ ಮೊಣಕಾಲೂರಿ ಕೂತೆ, ಮುಖವನ್ನು ಎರಡೂ ಅಂಗೈಯಲ್ಲಿ ಹಿಡಿದೆ, ಗಡ್ಡ ಚುಚ್ಚುತ್ತದೆ, ಎರಡು ದಿನ ಬೋಳಿಸಿಲ್ಲ ನಾನು, ಇದನ್ನೂ ಕೊಡಲೇನ್ರಿ, ಗೋಣು, ಇದೊಂದರ ಇಟ್ಕೊಳ್ಳೂಣೇನ್ರಿ, ಗೋಣು, ಬ್ಯಾಡಿದ್ರ ಕಣ್ಣು ಮುಚ್ಚರಿ, ಮುಚ್ಚಲಿಲ್ಲ, ಬೇಕಿದ್ರ ಮುಚ್ಚರಿ, ಮುಚ್ಚಲಿಲ್ಲ, ನನ್ನನ್ನೇ ನೋಡುತ್ತಿದ್ದಾರೆ, ಗೋಣು, ಕಾಕೂ, ಅಂದ ಅನಿಲ, ಮೆಲ್ಲಗೆ, ಒಯ್ಯಿ ಅಂದೆ, ನಾನೇ ಅಂದೆ, ಹಲಗೆ ಬಾಗಿಲು ದಾಟಿತು, ನಾ ತಪ್ಪು ಮಾಡಿದ್ನೇನ್ರಿ, ಅಂಗೈಯ ನಡುವೆ ಗದ್ದ ಇಳಿಯಿತು, ಎದ್ದಿತು, ತಪ್ಪಿಲ್ಲ ಹೌದಲ್ರಿ, ಇಳಿಯಿತು, ಎದ್ದಿತು, ಲಿಫ್ಟಿನ ಬಾಗಿಲು ಹಾಕಿಕೊಂಡ ಸದ್ದು, ಕೈ ತೆಗೆದೆ, ಇನ್ನು ಕೇಳುವುದೇನೂ ಇಲ್ಲ, ಏನೂ ಕೇಳುತ್ತಿಲ್ಲ ನಾನು ಈಗ, ಬಾಯಿ ಮುಚ್ಚಿಕೊಂಡು ಕೂತಿದ್ದೇನೆ, ಆದರೂ ಗದ್ದ ಇಳಿಯುತ್ತದೆ, ಗುಂಡಿಗೆ ತಾಗುತ್ತದೆ, ಏಳುತ್ತದೆ, ಇಳಿಯುತ್ತದೆ, ಗುಂಡಿಗೆ ತಾಗುತ್ತದೆ —